ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳೂ ಬೆಳೆಯುತ್ತಿರುವ ಕಲಾವಿದನೂ



ಕ್ಯಾಮೆರಾ ಹಿಡಿದು ಕಾಡು ಕೆರೆಗಳನ್ನು ಸುತ್ತಲು ತೊಡಗಿ ಎರಡು ಮೂರು ವರ್ಷಗಳಾಗಿ, ಬೆಳಕು ಮತ್ತು ಲೆನ್ಸುಗಳ ವ್ಯವಹಾರ ಒಂದಿಷ್ಟು ಕೈವಶವಾಗಿ, ತಾವು ತೆಗೆದ ಚಿತ್ರಗಳನ್ನು ಮನೆಯವರೂ ಮಿತ್ರರೂ ಮೆಚ್ಚಿಕೊಂಡದ್ದನ್ನು ಕಂಡು ಸಂತೋಷಪಟ್ಟು, ಇನ್ನು ಇವನ್ನು ಅಪರಿಚಿತರ ಮುಂದೆ ಇಡಬಹುದೋ ಇಡಬಾರದೋ ಎಂಬ ಸಂದೇಹದಲ್ಲಿ ತೂಗಾಡುತ್ತಿರುವ ತರುಣ ತರುಣಿಯರು ಈಗ ನಮ್ಮ ನಾಡಿನಲ್ಲಿ ಬಹುಮಂದಿ ಇದ್ದಾರೆ. ರಂಗನತಿಟ್ಟಿನ ದೋಣಿಗಳಲ್ಲಿ, ಕಬಿನಿಯ ಹಿನ್ನೀರಿನ ಅಂಚಿನಲ್ಲಿ, ದರೋಜಿಯ ಕರಡಿಧಾಮದ ಬಂಡೆಗಳ ಎದುರಿಗೆ, ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಅವರನ್ನು ಕಾಣಬಹುದು. ಸ್ಪರ್ಧೆಗೆ ಚಿತ್ರ ಕಳುಹಿಸಬೇಕೆ, ಕಳುಹಿಸುವುದಾದರೆ ಯಾವುದನ್ನು, ಸೋತರೆ ಆ ಸೋಲಿನಿಂದ ಅರಿಯಬೇಕಾದುದೇನು ಎಂದು ಅವರು ಹಿರಿಯರನ್ನು ಕೇಳುತ್ತಾರೆ. ಕಳುಹಿಸಲೇಬೇಕು ಎಂಬುದು ನನ್ನ ಉತ್ತರ. ಸ್ಪರ್ಧೆಯ ನೆಪದಿಂದ ಕಲಾವಿದನು ತನ್ನ ಚಿತ್ರಗಳ ಎದುರಿಗೆ ತಾನೇ ತೀರ್ಪುಗಾರನಾಗಿ ಕುಳಿತುಕೊಳ್ಳಬೇಕಾಗುತ್ತದೆಯಲ್ಲ, ಆ ಕಠಿನವಾದ ಕೆಲಸದಿಂದ ಕಣ್ಣಿಗೆ ದೊರೆಯುವ ಶಿಕ್ಷಣವು ಪದಕಕ್ಕಿಂತ ಬೆಲೆಯುಳ್ಳದ್ದೆಂದು ನಾನು ನಂಬಿರುವುದೇ ಹಾಗೆ ಹೇಳಲು ಕಾರಣ. ಈ ಸಂಜೆ ಆ ನಂಬಿಕೆಯನ್ನು ಸ್ವಲ್ಪ ವಿಸ್ತರಿಸಿ ಹೇಳಲು ಬಯಸುತ್ತೇನೆ.

ವನ್ಯಜೀವಿಯ ಛಾಯಾಚಿತ್ರಕ್ಕೂ ಬಹುಮಾನಕ್ಕೂ ಇರುವ ನಂಟು ಈಚಿನದಲ್ಲ. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲರು, ಮೊದಲು ಬಂದೂಕು ಹಿಡಿದ ಬೇಟೆಗಾರರಾಗಿದ್ದು ಅನಂತರ ಕ್ಯಾಮೆರಾಕ್ಕೆ ಒಲಿದವರು, ರಾತ್ರಿಯ ವೇಳೆ ಕಿರುದೋಣಿಯ ಮೂತಿಯಲ್ಲಿ ದೀಪವನ್ನಿಟ್ಟು ಸದ್ದಿಲ್ಲದೆ ಸರೋವರದ ದಡದುದ್ದಕ್ಕೂ ಸಾಗಿ, ಆ ಬೆಳಕಿಗೆ ಬೆರಗಾಗಿ ತಲೆಯೆತ್ತಿ ನಿಂತ ಜಿಂಕೆಗಳನ್ನು ಸ್ಫೋಟಕ ಪುಡಿಯ ಮಿಂಚಿನಲ್ಲಿ ಸೆರೆಹಿಡಿದರು. ಆ ಚಿತ್ರಮಾಲೆಗೆ 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಚಿನ್ನದ ಪದಕ ಸಂದಿತು. ನಮ್ಮ ದೇಶದಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು ಕಾಡುದಾರಿಗೆ ಅಡ್ಡಲಾಗಿ ತಂತಿಯನ್ನು ಬಿಗಿದು, ಹುಲಿಯು ಅದನ್ನು ತುಳಿದಾಗ ಕ್ಯಾಮೆರಾ ತಾನಾಗಿ ಕೆಲಸಮಾಡುವ ಏರ್ಪಾಟನ್ನು ರೂಪಿಸಿ, ಅದರಿಂದ ಬಂದ ಚಿತ್ರಗಳನ್ನು 1925ರಲ್ಲಿ ಪತ್ರಿಕೆಯಲ್ಲಿಯೂ 1927ರಲ್ಲಿ ಗ್ರಂಥರೂಪದಲ್ಲಿಯೂ ಪ್ರಕಟಿಸಿದಾಗ, ಹುಲಿಯ ತೊಗಲಿಗಿಂತ ಹುಲಿಯ ಚಿತ್ರ ಹೆಚ್ಚಿನದೆಂಬ ಭಾವನೆ ಹಲವು ಬೇಟೆಗಾರರ ಮನಸ್ಸನ್ನೂ ಹೊಕ್ಕಿತು. 1965ರಲ್ಲಿ ಬ್ರಿಟನ್ನಿನ ಪ್ರಾಣಿ ಪತ್ರಿಕೆಯೊಂದು ವರ್ಷದ ವನ್ಯಜೀವಿ ಛಾಯಾಗ್ರಾಹಕನನ್ನು ಆರಿಸುವ ಸ್ಪರ್ಧೆಯನ್ನು ಆರಂಭಿಸಿತು. ಆಗ ಇದ್ದುದು ಮೂರೇ ವಿಭಾಗಗಳು. ಗೆದ್ದದ್ದು ಗೂಬೆಯ ಚಿತ್ರ. ಪ್ರಶಸ್ತಿಯನ್ನು ಕೊಟ್ಟವರು ಡೇವಿಡ್ ಆಟನ್‌ಬರೋ. 1984ರಲ್ಲಿ ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವು ಅದರೊಡನೆ ಸೇರಿತು. ಇಂದು ಈ ಕ್ಷೇತ್ರದಲ್ಲಿ ಅದಕ್ಕೆ ಸಮನಾದ ಹೆಸರುಳ್ಳ ಸ್ಪರ್ಧೆಗಳು ವಿರಳ.

ಕನ್ನಡ ನಾಡಿಗೆ ಈ ವಿಷಯದಲ್ಲಿ ತನ್ನದೇ ಆದ ಒಂದು ಪರಂಪರೆ ಉಂಟು. ಭಾರತೀಯ ಛಾಯಾಗ್ರಹಣ ಒಕ್ಕೂಟವು 1953ರಲ್ಲಿ ರೂಪುಗೊಂಡಾಗ ಅದರ ಹಿಂದೆ ನಿಂತು ದುಡಿದವರು ಬೆಂಗಳೂರಿನ ಡಾ. ಜಿ. ಥಾಮಸ್ ಅವರು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಇವರ ಚಿತ್ರಗಳು ದೇಶವಿದೇಶಗಳ ಪ್ರದರ್ಶನಗಳಲ್ಲಿ ನಮ್ಮ ಆನೆ, ಜಿಂಕೆ, ಕಾಡುಪಾಪ, ಹಕ್ಕಿಗಳನ್ನು ತೋರಿಸಿದವು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ಇಂದಿಗೂ ಹೊಸಬರನ್ನು ತಿದ್ದುವ ಕೆಲಸವನ್ನು ಮಾಡುತ್ತಿದೆ. ಇವರೆಲ್ಲರೂ ಬೆಳೆದದ್ದು ನಮ್ಮವರು ಸಲಾನ್ ಎಂದು ಕರೆಯುವ ಪ್ರದರ್ಶನ ಸ್ಪರ್ಧೆಗಳ ಮೂಲಕ. ಅಲ್ಲಿಯ ಪದ್ಧತಿ ಸರಳವಾದದ್ದು. ವಿಭಾಗವೊಂದಕ್ಕೆ ಸಾಮಾನ್ಯವಾಗಿ ನಾಲ್ಕು ಚಿತ್ರಗಳನ್ನು ಕಳುಹಿಸತಕ್ಕದ್ದು. ಮೂವರು ತೀರ್ಪುಗಾರರು ಒಬ್ಬರೊಡನೊಬ್ಬರು ಚರ್ಚಿಸದೆ ಅಂಕ ಕೊಡುತ್ತಾರೆ. ಗೊತ್ತಾದ ಮಟ್ಟವನ್ನು ಮುಟ್ಟಿದ ಚಿತ್ರ ಸ್ವೀಕೃತವೆನಿಸುತ್ತದೆ. ಸ್ವೀಕೃತವಾದವುಗಳಲ್ಲಿ ಕೆಲವಕ್ಕೆ ಪದಕ. ಮೊದಲ ಹೆಜ್ಜೆಯನ್ನು ಇಂತಹ ಸಲಾನುಗಳಲ್ಲಿಯೇ ಇಡುವುದು ಉಚಿತವೆಂದು ನನ್ನ ಅಭಿಪ್ರಾಯ. ಸಾವಿರಾರು ಚಿತ್ರಗಳ ನಡುವೆ ನೂರು ಮಾತ್ರ ಉಳಿಯುವ ಕಡೆ ಮೊದಲಿಗೇ ಹೋಗಿ ನಿಂತರೆ, ತನ್ನ ಚಿತ್ರ ಎಲ್ಲಿಯವರೆಗೆ ಸಾಗಿತು, ಯಾವ ಮೆಟ್ಟಿಲಲ್ಲಿ ನಿಂತಿತು ಎಂಬುದು ಕಲಿಯುವವನಿಗೆ ತಿಳಿಯುವ ಬಗೆಯೇ ಇಲ್ಲ. ಸಲಾನಿನಲ್ಲಿಯಾದರೋ ಅಂಕಗಳ ಮೂಲಕ ಒಂದು ಅಂದಾಜು ದೊರಕುತ್ತದೆ.

ಲಂಡನ್ನಿನ ಸ್ಪರ್ಧೆಯ ಪ್ರಮಾಣವನ್ನು ಅರಿಯಲು ಒಂದು ಲೆಕ್ಕ ಸಾಕು. 2024ರಲ್ಲಿ ಅಲ್ಲಿಗೆ 117 ದೇಶ ಪ್ರಾಂತಗಳಿಂದ ಬಂದ ಚಿತ್ರಗಳು 59,228. ಪ್ರದರ್ಶನದಲ್ಲಿ ಸ್ಥಾನ ಪಡೆದವು 100. ಈ ಸಂಖ್ಯೆಗಳನ್ನು ನಿಮ್ಮ ಧೈರ್ಯವನ್ನು ಕುಗ್ಗಿಸುವುದಕ್ಕಾಗಿ ಹೇಳಿದೆನೆಂದು ಭಾವಿಸಬೇಡಿ. ಮೊದಲ ಸುತ್ತಿನಲ್ಲಿ ಚಿತ್ರವೊಂದು ತೀರ್ಪುಗಾರನ ಕಣ್ಣೆದುರಿಗೆ ನಿಲ್ಲುವ ಕಾಲ ಕೆಲವೇ ಕ್ಷಣಗಳೆಂಬುದು ಇದರಿಂದ ವಿಶದವಾಗುತ್ತದೆ. ಅಷ್ಟು ಹೊತ್ತಿನಲ್ಲಿ ಆತನಿಗೆ ಕಾಣುವುದು ಚೌಕಟ್ಟಿನೊಳಗಿರುವುದು ಮಾತ್ರ.

ಚಿತ್ರ ತೆಗೆದವನಿಗೋ ಚೌಕಟ್ಟಿನ ಹೊರಗಿನದೆಲ್ಲ ಕಾಣುತ್ತಿರುತ್ತದೆ. ಭದ್ರಾ ಹಿನ್ನೀರಿನ ನಡುವಣ ದಿಣ್ಣೆಯ ಬಳಿ ಬೆಳಗಿನಿಂದ ದೋಣಿಯಲ್ಲಿ ಕುಳಿತು, ಬಿಸಿಲಿಗೆ ಬೆಂದು, ಕೊನೆಗೆ ರೀವ ಹಕ್ಕಿಯೊಂದು ಬಾಯಲ್ಲಿ ಮೀನನ್ನು ಹಿಡಿದು ತನ್ನ ಜೊತೆಗಾತಿಗೆ ಉಣಿಸುವ ಕ್ಷಣವನ್ನು ದಕ್ಕಿಸಿಕೊಂಡವನು ಆ ಚಿತ್ರವನ್ನು ನೋಡಿದಾಗಲೆಲ್ಲ ಆ ಬಿಸಿಲು, ಆ ಹಸಿವು, ಆ ಹರ್ಷ ಎಲ್ಲವೂ ಅದರೊಳಗೆ ಬಂದು ಸೇರಿಕೊಳ್ಳುತ್ತವೆ. ಹಕ್ಕಿಯ ರೆಕ್ಕೆ ಅಂಚಿಗೆ ತಗಲಿ ಕತ್ತರಿಸಿಹೋಗಿರುವುದಾಗಲಿ, ಹಿನ್ನೆಲೆಯಲ್ಲಿ ಮತ್ತೊಂದು ಹಕ್ಕಿಯ ಬಾಲ ಅಡ್ಡಬಂದಿರುವುದಾಗಲಿ ಅವನ ಗಮನಕ್ಕೆ ಬರುವುದಿಲ್ಲ. ಪಟ್ಟ ಶ್ರಮಕ್ಕೂ ಚಿತ್ರದ ಗುಣಕ್ಕೂ ಇರುವ ಅಂತರವನ್ನು ಒಪ್ಪಿಕೊಳ್ಳುವುದು ಹೊಸಬನಿಗೆ ಎಲ್ಲಕ್ಕಿಂತಲೂ ಕಷ್ಟವಾದ ಪಾಠ. ಈ ಪಾಠವನ್ನು ಸ್ಪರ್ಧೆಯಷ್ಟು ಚೆನ್ನಾಗಿ ಕಲಿಸುವುದು ಬೇರೊಂದಿಲ್ಲ. ನಾಲ್ಕನ್ನು ಮಾತ್ರ ಕಳುಹಿಸಬಹುದೆಂಬ ನಿಯಮವು ಉಳಿದುವನ್ನೆಲ್ಲ ಬಿಟ್ಟುಕೊಡುವ ನಿರ್ಬಂಧವನ್ನು ಹೇರುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿಯನ್ನು ಕೇರುತ್ತಿದ್ದಾಗ ತೌಡು ತಾನಾಗಿ ಹಾರಿಹೋಗುತ್ತಿತ್ತು, ಅಕ್ಕಿಯ ಬಣ್ಣವನ್ನೇ ತಳೆದ ಬಿಳಿಯ ಕಲ್ಲನ್ನು ಮಾತ್ರ ಕಣ್ಣಿಟ್ಟು ಆರಿಸಬೇಕಾಗುತ್ತಿತ್ತು. ಕೆಟ್ಟ ಚಿತ್ರಗಳೂ ಹಾಗೆಯೇ ಸುಲಭವಾಗಿ ಬೇರ್ಪಡುತ್ತವೆ. ಒಳ್ಳೆಯದರ ವೇಷ ತೊಟ್ಟ ಸಾಧಾರಣ ಚಿತ್ರವನ್ನು ಗುರುತಿಸುವುದರಲ್ಲಿಯೇ ಕಣ್ಣಿನ ಪರೀಕ್ಷೆ.

ಇದಕ್ಕೆ ಕೆಲವು ಉಪಾಯಗಳುಂಟು. ತೆಗೆದ ಚಿತ್ರವನ್ನು ಆ ವಾರವೇ ಆರಿಸದೆ ಒಂದೆರಡು ತಿಂಗಳು ಕಣ್ಮರೆಯಾಗಿ ಇಟ್ಟರೆ ಅದಕ್ಕೆ ಅಂಟಿಕೊಂಡಿರುವ ನೆನಪಿನ ಬಿಸಿ ಆರುತ್ತದೆ. ಅಂಚೆಕಾರ್ಡಿನಷ್ಟು ಸಣ್ಣದಾಗಿ ಅಚ್ಚುಹಾಕಿ ನೋಡಿದರೆ ರೂಪರೇಖೆಯ ಬಲಾಬಲ ತಿಳಿಯುತ್ತದೆ. ಗೋಡೆಯ ಮೇಲೆ ದೊಡ್ಡದಾಗಿ ತೂಗುಹಾಕಿ ವಾರಗಟ್ಟಲೆ ಎದುರಿಗಿಟ್ಟುಕೊಂಡರೆ, ಯಾವ ಮೂಲೆಯ ಬೆಳಕಿನ ಚುಕ್ಕೆಯು ಕಣ್ಣನ್ನು ಎಳೆದೊಯ್ಯುತ್ತಿದೆ ಎಂಬುದು ತಾನಾಗಿ ಗೋಚರವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು, ಕಾಡಿನ ಪರಿಚಯವಿಲ್ಲದ ಒಬ್ಬರ ಕೈಗೆ ಚಿತ್ರವನ್ನು ಕೊಟ್ಟು ತಾನು ಒಂದು ಮಾತನ್ನೂ ಆಡದೆ ಕುಳಿತುಕೊಳ್ಳುವುದು. ಆ ನೋಡುವವರ ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಏನು ಕೇಳಿತು ಎಂಬುದನ್ನು ಗಮನಿಸಬೇಕು. ಕಥೆ ಹೇಳಿ ಊರುಗೋಲು ಕೊಟ್ಟಲ್ಲದೆ ನಿಲ್ಲಲಾರದ ಚಿತ್ರವನ್ನು ಸ್ಪರ್ಧೆಗೆ ಕಳುಹಿಸುವುದರಿಂದ ಪ್ರಯೋಜನವಿಲ್ಲ.

ಯಾವ ಪ್ರಾಣಿಯ ಚಿತ್ರ ಗೆಲ್ಲುತ್ತದೆ ಎಂಬ ಪ್ರಶ್ನೆ ಹೊಸಬರಲ್ಲಿ ಬಹಳ ಪ್ರಚಾರದಲ್ಲಿದೆ. ಹುಲಿಯಾದರೆ ಗೆಲ್ಲುತ್ತದೆ ಎಂಬ ನಂಬಿಕೆಯಿಂದ ಬಂಡೀಪುರಕ್ಕೂ ನಾಗರಹೊಳೆಗೂ ಹಣ ಸುರಿದು ಓಡಾಡುವವರನ್ನು ಕಂಡು ನನಗೆ ಮರುಕವೆನಿಸುತ್ತದೆ. ಸಫಾರಿ ದಾರಿಯಲ್ಲಿ ಎದುರಿಗೆ ನಡೆದುಬರುವ ಹುಲಿಯನ್ನು ತೀರ್ಪುಗಾರರು ಎಣಿಸಲಾರದಷ್ಟು ಸಲ ನೋಡಿರುತ್ತಾರೆ. ಆ ನೋಟ ಕಾಡಿನಲ್ಲಿ ಕಂಡವನಿಗೆ ಭಾಗ್ಯ, ತೀರ್ಪು ಕೊಡಲು ಕುಳಿತವನಿಗೆ ಪುನರುಕ್ತಿ. ಹುಲಿಯ ಚಿತ್ರ ಗೆಲ್ಲುವುದೇ ಇಲ್ಲವೆಂದಲ್ಲ. 2020ರಲ್ಲಿ ರಷ್ಯದ ಸೆರ್ಗೆಯ್ ಗೋರ್ಷ್ಕೋವ್ ಅವರಿಗೆ ಲಂಡನ್ನಿನ ಪರಮ ಪ್ರಶಸ್ತಿ ದೊರೆತದ್ದು ಹುಲಿಯ ಚಿತ್ರಕ್ಕೇ. ಆ ದೇಶದ ಪೂರ್ವದ ತುದಿಯ ಕಾಡಿನಲ್ಲಿ ಹೆಣ್ಣು ಹುಲಿಯೊಂದು ಪುರಾತನವಾದ ದೇವದಾರು ಜಾತಿಯ ಮರವನ್ನು ಮುಂಗಾಲುಗಳಿಂದ ತಬ್ಬಿಕೊಂಡು, ಕೆನ್ನೆಯನ್ನು ತೊಗಟೆಗೆ ಉಜ್ಜಿ ತನ್ನ ವಾಸನೆಯ ಮುದ್ರೆಯೊತ್ತುತ್ತಿರುವ ಆ ದೃಶ್ಯಕ್ಕಾಗಿ ಅವರು ಚಲನೆಯನ್ನರಿತು ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಕಾದಿದ್ದರು. ಅಲ್ಲಿ ಹುಲಿಯ ಬಾಳಿನ ಒಂದು ಗುಟ್ಟಿದೆ, ಅದರ ಕಾಡಿದೆ, ಬೆಳಕಿದೆ. ಹುಲಿ ಎಂಬ ಹೆಸರಿನ ಮಹಿಮೆಯೊಂದನ್ನೇ ನೆಚ್ಚಿ ಆ ಚಿತ್ರ ನಿಂತಿಲ್ಲ.

2015ರಲ್ಲಿ ಅದೇ ಪ್ರಶಸ್ತಿಯನ್ನು ಪಡೆದವರು ಕೆನಡದ ಡಾನ್ ಗುಟೋಸ್ಕಿ, ವೃತ್ತಿಯಿಂದ ವೈದ್ಯರು, ಹವ್ಯಾಸದಿಂದ ಛಾಯಾಗ್ರಾಹಕರು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ನಿಂತು ಅವರು ತೆಗೆದದ್ದು, ಕೆಂಪು ನರಿಯೊಂದು ತಾನು ಕೊಂದ ಹಿಮನರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಚಿತ್ರ. ಉತ್ತರ ದೇಶದ ಹಿಮ ಹಿಂದೆ ಸರಿದಂತೆ ಕೆಂಪು ನರಿಯು ಹಿಮನರಿಯ ಸೀಮೆಯನ್ನು ಹೊಗುತ್ತಿದೆ ಎಂಬ ಸಂಗತಿಯೆಲ್ಲವೂ ಆ ಒಂದೇ ಚೌಕಟ್ಟಿನಲ್ಲಿ ಅಡಕವಾಗಿದೆ; ಕಣ್ಣಿಗೋ ಅದು ಮೊದಲು ಬಣ್ಣದ ಮತ್ತು ರೇಖೆಯ ವಿನ್ಯಾಸವಾಗಿ ತೋರಿ, ಆ ಬಳಿಕ ಅರ್ಥವಾಗಿ ಎದೆಗೆ ತಟ್ಟುತ್ತದೆ. ಇದಕ್ಕೂ ನಮಗೆ ಹತ್ತಿರವಾದ ನಿದರ್ಶನವೊಂದಿದೆ. 2021ರಲ್ಲಿ ಆ ಸ್ಪರ್ಧೆಯ ಕಿರಿಯರ ಪರಮ ಪ್ರಶಸ್ತಿಯು ಬೆಂಗಳೂರಿನ ಹತ್ತು ವರ್ಷದ ಬಾಲಕನಿಗೆ ಬಂದಿತು. ಗೋಡೆಯ ಸಂದಿಯೊಂದರಲ್ಲಿ ಜೇಡವೊಂದು ಗುಮ್ಮಟದ ಆಕಾರದ ಬಲೆಯನ್ನು ನೇಯ್ದು ಕುಳಿತಿದ್ದುದನ್ನು ಆ ಬಾಲಕನು ಕಂಡನು. ಹಿಂದಿನ ದಾರಿಯಲ್ಲಿ ಆಟೋರಿಕ್ಷಾ ಒಂದು ಹಾದುಹೋಗುವಾಗ ಅದರ ಬಣ್ಣಗಳು ಮಸುಕಾಗಿ ಹರಡಿ ಬಲೆಗೆ ಕಾಮನಬಿಲ್ಲಿನ ಹಿನ್ನೆಲೆಯಾದುವು. ಆ ಕ್ಷಣವನ್ನು ಅವನು ಹಿಡಿದನು. ಆಟೋರಿಕ್ಷಾಗಳನ್ನು ನಾವೆಲ್ಲರೂ ಪ್ರತಿದಿನವೂ ನೋಡುತ್ತೇವೆ, ಜೇಡಗಳು ನಮ್ಮೆಲ್ಲರ ಮನೆಗಳಲ್ಲಿಯೂ ಇವೆ. ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವ ಕಣ್ಣು ಆ ಮಗುವಿಗೆ ಇತ್ತು. ಬಡ ಕುಟುಂಬದ, ದೂರದ ಊರಿನ, ಸಣ್ಣ ಲೆನ್ಸಿನ ಹುಡುಗ ಹುಡುಗಿಯರು ಈ ಮಾತನ್ನು ಮನಸ್ಸಿಟ್ಟು ಕೇಳಬೇಕೆಂದು ನನ್ನ ಪ್ರಾರ್ಥನೆ. ಊರ ಕೆರೆಯ ಮಿಂಚುಳ್ಳಿ, ಈಚಲ ಮರದ ಗೀಜಗ, ಹಿತ್ತಿಲ ಬೇಲಿಯ ಓತಿ, ಆಗುಂಬೆಯ ಕಡೆಯವರಾದರೆ ಮಳೆಗಾಲದ ರಾತ್ರಿಯ ಕಪ್ಪೆ ಇವುಗಳ ಬಳಿಗೆ ಆಯಾ ಕಾಲದ ಯಾವ ದಿನವೂ ನಡೆದು ಹೋಗಬಹುದು. ಪದೇ ಪದೇ ಹೋಗುವವನಿಗೆ ಆ ಜೀವಿಯ ದಿನಚರಿ ತಿಳಿಯುತ್ತದೆ, ದಿನಚರಿಯನ್ನು ತಿಳಿದವನಿಗೆ ಮುಂದಿನ ಕ್ಷಣದ ಸುಳಿವು ಸಿಗುತ್ತದೆ. ಜೀಪಿನ ಎತ್ತರದಿಂದ ಕೆಳಗೆ ನೋಡುವ ಚಿತ್ರಕ್ಕಿಂತ, ನೆಲಕ್ಕೆ ಒರಗಿ ಟಿಟ್ಟಿಭದ ಕಣ್ಣಿನ ಮಟ್ಟದಲ್ಲಿಯೇ ಕ್ಯಾಮೆರಾ ಹಿಡಿದು ತೆಗೆದ ಚಿತ್ರದಲ್ಲಿ ಆ ಹಕ್ಕಿಯ ಲೋಕ ನಮಗೆ ಹೆಚ್ಚು ತೆರೆದುಕೊಳ್ಳುತ್ತದೆ.

ಇನ್ನು ನಿಯಮಗಳ ಮಾತು. ಸ್ಪರ್ಧೆಯ ನಿಯಮಗಳನ್ನು ಬಹುಮಂದಿ ಓದುವುದೇ ಇಲ್ಲ. ಓದಿದವರೂ ಅವನ್ನು ತೊಡಕೆಂದು ಬಗೆಯುತ್ತಾರೆ. ನನಗಾದರೋ ಅವು ಈ ಕಲೆಯ ಪ್ರಾಣವನ್ನು ಕಾಯುವ ಬೇಲಿಯಾಗಿ ತೋರುತ್ತವೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಕೂಡಿ ಒಪ್ಪಿಕೊಂಡು 2015ರಿಂದ ಜಾರಿಗೆ ತಂದ ಪ್ರಕೃತಿ ಚಿತ್ರದ ಲಕ್ಷಣದಂತೆ, ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಕೂಡದು, ಇದ್ದದ್ದನ್ನು ತೆಗೆಯಕೂಡದು, ಸ್ಥಾನ ಬದಲಿಸಕೂಡದು. ಅಂಚನ್ನು ಕತ್ತರಿಸಬಹುದು, ಬೆಳಕು ನೆರಳುಗಳನ್ನು ಮಿತವಾಗಿ ಸರಿದೂಗಿಸಬಹುದು, ಇಡೀ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಬಹುದು. ಚಿತ್ರದ ಅಂದಕ್ಕಿಂತ ಅದು ಹೇಳುವ ಪ್ರಕೃತಿಯ ವೃತ್ತಾಂತಕ್ಕೆ ತೀರ್ಪುಗಾರರು ಹೆಚ್ಚಿನ ತೂಕ ಕೊಡತಕ್ಕದ್ದು ಎಂಬ ಸೂಚನೆಯೂ ಅದರಲ್ಲಿದೆ. ವನ್ಯಜೀವಿ ಎಂಬ ಹೆಸರಿನ ಬಹುಮಾನಕ್ಕೆ ಪ್ರಾಣಿಯು ತನ್ನ ನೆಲೆಯಲ್ಲಿ ಬಂಧನವಿಲ್ಲದೆ ಬದುಕುತ್ತಿರಬೇಕು. ಮೃಗಾಲಯದ ಪ್ರಾಣಿ ಅದಕ್ಕೆ ಸಲ್ಲದು. ಮುಖದ ಮುಂದೆ ಅಡ್ಡಬಂದ ಹುಲ್ಲುಕಡ್ಡಿಯೊಂದನ್ನು ಗಣಕಯಂತ್ರದಲ್ಲಿ ಅಳಿಸಿದರೆ ಲೋಕಕ್ಕೆ ನಷ್ಟವೇನು ಎಂದು ಕೇಳುವವರುಂಟು. ಹುಲ್ಲುಕಡ್ಡಿಯಿಂದ ನಷ್ಟವಿಲ್ಲದಿರಬಹುದು, ಆದರೆ ಈ ಚಿತ್ರದಲ್ಲಿರುವುದು ಕಾಡಿನಲ್ಲಿ ಇತ್ತು ಎಂಬ ವಿಶ್ವಾಸವೇ ನೋಡುವವನು ನಮಗೆ ಮುಂಗಡವಾಗಿ ಕೊಟ್ಟ ಧನ, ಅದರಲ್ಲಿ ಒಂದು ಕಾಸನ್ನೂ ಕಳೆಯುವ ಅಧಿಕಾರ ನಮಗಿಲ್ಲ. ಇಲ್ಲದ ಹುಲಿಯನ್ನು ಯಂತ್ರಕ್ಕೆ ಹೇಳಿ ಬರೆಯಿಸಬಹುದಾದ ಈ ಕಾಲದಲ್ಲಿ ಆ ವಿಶ್ವಾಸದ ಬೆಲೆ ಇನ್ನಷ್ಟು ಏರಿದೆ. ಆದುದರಿಂದಲೇ ಅಂತಿಮ ಸುತ್ತಿಗೆ ಬಂದ ಚಿತ್ರಗಳಿಗೆ ಕ್ಯಾಮೆರಾದಿಂದ ಹೊರಟ ಮೂಲರೂಪವನ್ನು, ನಮ್ಮವರು ರಾ ಫೈಲು ಎನ್ನುವುದನ್ನು, ತೋರಿಸಬೇಕೆಂದು ದೊಡ್ಡ ಸ್ಪರ್ಧೆಗಳು ಕೇಳುತ್ತವೆ.

ವಿಶ್ವಾಸ ಮುರಿದ ಪ್ರಸಂಗಗಳು ಸ್ಪರ್ಧೆಗಳ ಇತಿಹಾಸದಲ್ಲಿ ಇಲ್ಲದಿಲ್ಲ. 2009ರಲ್ಲಿ ಲಂಡನ್ನಿನ ಪರಮ ಪ್ರಶಸ್ತಿ ಪಡೆದದ್ದು ರಾತ್ರಿಯಲ್ಲಿ ತೋಳವೊಂದು ಮರದ ಗೇಟನ್ನು ಹಾರಿ ದಾಟುವ ಚಿತ್ರ. ಅದು ಪಳಗಿಸಿದ ತೋಳವಾಗಿರುವ ಸಂಭವ ಹೆಚ್ಚೆಂದು ತಜ್ಞರ ಸಹಾಯದಿಂದ ನಿರ್ಣಯಿಸಿದ ತೀರ್ಪುಗಾರರು 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ತೆಗೆದುಕೊಂಡರು. 2017ರಲ್ಲಿ ಒಂದು ವಿಭಾಗದ ಬಹುಮಾನ ಪಡೆದ ಬ್ರೆಜಿಲಿನ ಚಿತ್ರವು, ಮಿನುಗುವ ಹುಳುಗಳು ಬೆಳಗಿದ ಗೆದ್ದಲ ಹುತ್ತದ ಬಳಿಗೆ ಇರುವೆಭಕ್ಷಕ ಪ್ರಾಣಿಯೊಂದು ಬಂದುದನ್ನು ತೋರಿಸುತ್ತಿತ್ತು. ಆ ಪ್ರಾಣಿಯು ಅಲ್ಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಪ್ರದರ್ಶನಕ್ಕಿಟ್ಟಿದ್ದ, ಹೊಟ್ಟು ತುಂಬಿದ ಗೊಂಬೆಯೇ ಎಂದು ತಜ್ಞರು ತೀರ್ಮಾನಿಸಿದ ಮೇಲೆ 2018ರಲ್ಲಿ ಅದೂ ಅನರ್ಹವಾಯಿತು. ಇಬ್ಬರು ಛಾಯಾಗ್ರಾಹಕರೂ ಆಪಾದನೆಯನ್ನು ಅಲ್ಲಗಳೆದರು ಎಂಬುದನ್ನೂ ಹೇಳುವುದು ನ್ಯಾಯ. ಇಂತಹ ಒಂದೊಂದು ಪ್ರಸಂಗವೂ ನಿಜವಾಗಿ ಚಳಿಯಲ್ಲಿ ಕಾದು ಕುಳಿತ ನೂರಾರು ಮಂದಿಯ ಮೇಲೆ ಅನುಮಾನದ ನೆರಳನ್ನು ಬೀರುವುದರಿಂದ ನನಗೆ ಇದನ್ನು ನೆನೆದಾಗ ವ್ಯಥೆಯಾಗುತ್ತದೆ.

ಆದರೆ ಸತ್ಯವಾದ ಚಿತ್ರವೂ ಕ್ರೂರವಾದ ಚಿತ್ರವಾಗಿರಬಹುದು, ಮತ್ತು ಈ ಅಂಶವನ್ನು ನಾನು ಎಲ್ಲಕ್ಕಿಂತಲೂ ಒತ್ತಿ ಹೇಳಬೇಕಾಗಿದೆ. ಹಿಂದಿನ ತಲೆಮಾರಿನಲ್ಲಿ ಹಕ್ಕಿಯ ಗೂಡಿನೆದುರಿಗೆ ಮರೆಯ ಗುಡಾರವನ್ನು ಕಟ್ಟಿ, ತಾಯಿಹಕ್ಕಿಯು ಮರಿಗೆ ಗುಟುಕು ಕೊಡುವುದನ್ನು ತೆಗೆಯುವುದು ಪಕ್ಷಿಚಿತ್ರಣದ ಸಾಮಾನ್ಯ ಕ್ರಮವಾಗಿತ್ತು. ಇಂಗ್ಲೆಂಡಿನ ಕಿಯರ್ಟನ್ ಸೋದರರು 1892ರಲ್ಲಿ ಮೊದಲ ಗೂಡಿನ ಚಿತ್ರ ತೆಗೆದಂದಿನಿಂದ ಬಂದ ಪದ್ಧತಿ ಅದು; ಅಂದಿನ ಲೆನ್ಸುಗಳ ಮಿತಿಯಲ್ಲಿ ಹಕ್ಕಿಯು ಮತ್ತೆ ಮತ್ತೆ ಬಂದು ನಿಲ್ಲುವ ತಾಣ ಬೇರೊಂದಿರಲಿಲ್ಲ, ಮತ್ತು ಆ ಹಿರಿಯರಲ್ಲಿ ಉತ್ತಮರಾದವರು ಗೂಡಿನ ಕ್ಷೇಮವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಈಗ ಕಾಲ ಬದಲಾಗಿದೆ. ಒಂದು ಗೂಡಿನ ಸುದ್ದಿ ಹಬ್ಬಿದರೆ ಮರುದಿನ ಬೆಳಗ್ಗೆ ಇಪ್ಪತ್ತು ಮಂದಿ ಅಲ್ಲಿರುತ್ತಾರೆ. ಮರೆಯಾಗಿದ್ದ ಕೊಂಬೆಯನ್ನು ಯಾರೋ ಸವರುತ್ತಾರೆ. ಬಿಸಿಲು ನೇರವಾಗಿ ಮರಿಗಳ ಮೇಲೆ ಬೀಳುತ್ತದೆ. ಕಾಗೆಗೂ ಹಾವಿಗೂ ದಾರಿ ತೆರೆಯುತ್ತದೆ. ಈ ಕಾರಣದಿಂದ ನಮ್ಮ ದೇಶದ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿಮಾಡುವುದು ಮಾತ್ರವಲ್ಲ, ಅವುಗಳ ಗೂಡಿಗೆ ಉಪದ್ರವ ಕೊಡುವುದೂ ಸೇರಿದೆ ಎಂಬುದನ್ನು ಕ್ಯಾಮೆರಾ ಹಿಡಿದ ಪ್ರತಿಯೊಬ್ಬರೂ ತಿಳಿದಿರಬೇಕು. ಗೂಬೆಯನ್ನು ಸೆಳೆಯಲು ಇಲಿಯನ್ನು ಕಟ್ಟುವುದು, ಗಂಡುಹಕ್ಕಿಯನ್ನು ಕೆರಳಿಸಲು ಅದರದೇ ಕೂಗನ್ನು ಮೊಬೈಲಿನಲ್ಲಿ ಮೊಳಗಿಸುವುದು, ಕಪ್ಪೆಯನ್ನು ಹಿಡಿದು ಚೆಲುವಾದ ಎಲೆಯ ಮೇಲೆ ಕೂರಿಸುವುದು, ಸಫಾರಿಯ ಚಾಲಕನಿಗೆ ಹಣದ ಆಸೆ ತೋರಿಸಿ ಆನೆಯ ಮಂದೆಯ ಹಾದಿಗೆ ಅಡ್ಡಲಾಗಿ ವಾಹನವನ್ನು ನಿಲ್ಲಿಸುವುದು, ಇವೆಲ್ಲವೂ ಬಹುಮಾನದ ಹಂಬಲವು ಪ್ರಾಣಿಯ ಮೇಲಣ ಅಕ್ಕರೆಯನ್ನು ನುಂಗಿದಾಗ ನಡೆಯುವ ಅನ್ಯಾಯಗಳು. ತೀರ್ಪುಗಾರರಿಗೆ ಇದು ಗೊತ್ತಾಗುವುದಿಲ್ಲವೆಂದು ಭಾವಿಸಬಾರದು. ಕಿವಿಗಳನ್ನು ಅಗಲಿಸಿ ಸೊಂಡಿಲೆತ್ತಿ ನಿಂತ ಆನೆಯ ಕೋಪ ಯಾರ ಮೇಲೆಂಬುದು ಬಲ್ಲವರಿಗೆ ಚಿತ್ರದಿಂದಲೇ ತಿಳಿಯುತ್ತದೆ.

ಸೋಲಿನ ವಿಷಯಕ್ಕೆ ಬರೋಣ. ಸ್ಪರ್ಧೆಯ ಸೋಲು ಮೌನವಾದದ್ದು. ಆಯ್ಕೆಯಾಗಲಿಲ್ಲ ಎಂಬ ಒಂದು ಸಾಲು, ಸಲಾನಾದರೆ ಅಂಕಗಳು, ಇವುಗಳ ಹೊರತು ಕಾರಣವನ್ನು ಯಾರೂ ತಿಳಿಸುವುದಿಲ್ಲ, ತಿಳಿಸುವ ಅವಕಾಶವೂ ಅವರಿಗಿಲ್ಲ. ಈ ಮೌನವನ್ನು ಏಕಾಂಗಿಯಾಗಿ ಎದುರಿಸುವವನು ಒಂದೋ ತೀರ್ಪುಗಾರರನ್ನು ಹಳಿಯುತ್ತಾನೆ, ಇಲ್ಲವೆ ತನ್ನನ್ನೇ ಹಳಿದುಕೊಂಡು ಕ್ಯಾಮೆರಾವನ್ನು ಮೂಲೆಗಿಡುತ್ತಾನೆ, ಎರಡರಿಂದಲೂ ಕಲಿತಂತಾಗಲಿಲ್ಲ. ಒಂದು ಸಲಾನಿನಲ್ಲಿ ತಿರಸ್ಕೃತವಾದ ಚಿತ್ರ ಇನ್ನೊಂದರಲ್ಲಿ ಪದಕ ಪಡೆದಿರುವುದು ನಾನು ಬಲ್ಲ ಸಂಗತಿ, ಏಕೆಂದರೆ ಮೂವರು ಮನುಷ್ಯರ ರುಚಿ ಬೇರೆ ಮೂವರ ರುಚಿಯಲ್ಲ. ಆದರೆ ಐದಾರು ಕಡೆ ತೀರ್ಪುಗಾರರು ಬದಲಾದರೂ ಫಲ ಬದಲಾಗದಿದ್ದರೆ ದೋಷ ಚಿತ್ರದಲ್ಲಿದೆಯೆಂದು ಒಪ್ಪಿಕೊಳ್ಳುವುದು ವಿವೇಕ. ಆ ದೋಷವೇನೆಂದು ಹೇಳಬಲ್ಲ ಒಬ್ಬ ಹಿರಿಯ ಬೇಕು. ಪೆರುಮಾಳ್ ಅವರಿಗೆ ಒ. ಸಿ. ಎಡ್ವರ್ಡ್ಸ್ ಅಂತಹ ಗುರುವಾಗಿ ದೊರೆತಿದ್ದರು. ಮುಂದೆ ಪೆರುಮಾಳ್ ಅವರು ತಾವೇ ಎಷ್ಟೋ ಮಂದಿ ಕಿರಿಯರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ತಿದ್ದಿದರು. ಊರಿನಲ್ಲಿ ಛಾಯಾಗ್ರಾಹಕರ ಸಂಘವಿದ್ದರೆ ಅಲ್ಲಿಯ ಮಾಸಿಕ ಸ್ಪರ್ಧೆಗೆ ಚಿತ್ರವನ್ನಿಟ್ಟು, ತನ್ನದರ ಮೇಲಣ ಟೀಕೆಗಿಂತಲೂ ಪರರ ಚಿತ್ರದ ಮೇಲಣ ಟೀಕೆಯನ್ನು ಹೆಚ್ಚಿನ ಲಕ್ಷ್ಯದಿಂದ ಕೇಳಬೇಕು. ಮಮತೆಯ ಪೊರೆಯಿಲ್ಲದ ಕಣ್ಣಿಗೆ ಅಲ್ಲಿ ಪಾಠ ಬೇಗ ಹತ್ತುತ್ತದೆ. ಸಂಘವಿಲ್ಲದ ಊರಿನಲ್ಲಿ ಇಬ್ಬರು ಮೂವರು ಸಮಾನಾಸಕ್ತರು ಕೂಡಿದರೂ ಸಾಕು.

ಎರಡು ಎಚ್ಚರಿಕೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದು ಹಣದ್ದು. ಪ್ರವೇಶಧನ ಕೇಳುವ ಸ್ಪರ್ಧೆಗಳು ಈಗ ಲೆಕ್ಕವಿಲ್ಲದಷ್ಟು ಹುಟ್ಟಿವೆ. ಕೆಲವಂತೂ ಚಿತ್ರ ಕಳುಹಿಸಿದ ಮಾತ್ರಕ್ಕೆ ಅದರ ಬಳಕೆಯ ಹಕ್ಕೆಲ್ಲವೂ ತಮ್ಮದೆಂದು ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡಿರುತ್ತವೆ. ನಿಯಮಾವಳಿಯ ಆ ಭಾಗವನ್ನು ಓದದೆ ಯಾವ ಚಿತ್ರವನ್ನೂ ಕಳುಹಿಸಬಾರದು. ಲಂಡನ್ನಿನ ಸ್ಪರ್ಧೆಯಲ್ಲಿ ಕಿರಿಯರಿಗೆ ಪ್ರವೇಶಧನವಿಲ್ಲ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿರಲಿ. ಎರಡನೆಯದು ಬಿರುದುಗಳದು. 1950ರಲ್ಲಿ ಯೂರೋಪಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಛಾಯಾಕಲಾ ಒಕ್ಕೂಟವು ಸಲಾನುಗಳ ಸ್ವೀಕೃತಿಗಳನ್ನು ಎಣಿಸಿ ಎ.ಎಫ್.ಐ.ಎ.ಪಿ., ಇ.ಎಫ್.ಐ.ಎ.ಪಿ. ಮೊದಲಾದ ಗೌರವಗಳನ್ನು ಕೊಡುತ್ತದೆ. ಸಾಧನೆಯ ಗುರುತಾಗಿ ಅವು ಮಾನ್ಯವಾದುವೇ. ಆದರೆ ಎಣಿಕೆಯನ್ನು ಏರಿಸುವುದಕ್ಕಾಗಿ ಅದೇ ಹತ್ತು ಹನ್ನೆರಡು ಚಿತ್ರಗಳನ್ನು ವರ್ಷವಿಡೀ ದೇಶದಿಂದ ದೇಶಕ್ಕೆ ಕಳುಹಿಸುತ್ತ ಕುಳಿತವನು ಹೊಸ ಚಿತ್ರ ತೆಗೆಯುವುದನ್ನೇ ಮರೆಯುತ್ತಾನೆ. ಆರಿಸುವ ಶ್ರಮ ನಿಂತುಹೋದ ಮೇಲೆ ಸ್ಪರ್ಧೆಯಿಂದ ಅವನಿಗಾಗುವ ಲಾಭವೂ ನಿಂತುಹೋಗುತ್ತದೆ.

ಕಡೆಯದಾಗಿ ಚಿತ್ರದ ಜೊತೆಗೆ ಕಳುಹಿಸುವ ವ್ಯಾಖ್ಯಾನದ ಮಾತು. ಮೊದಲ ನೋಟದಲ್ಲಿ ಚಿತ್ರ ತಾನೇ ನಿಲ್ಲಬೇಕೆಂದೆ. ಆ ನೋಟವನ್ನು ಗೆದ್ದ ಬಳಿಕ ಅದರ ಕೆಳಗಿನ ಎರಡು ವಾಕ್ಯಗಳನ್ನು ತೀರ್ಪುಗಾರರು ಖಂಡಿತವಾಗಿಯೂ ಓದುತ್ತಾರೆ. ಅಲ್ಲಿ ಕಾವ್ಯಮಯವಾದ ಶೀರ್ಷಿಕೆಗಿಂತ ಸರಿಯಾದ ಸಂಗತಿ ಮುಖ್ಯ. ಯಾವ ಜೀವಿ, ಗಂಡೋ ಹೆಣ್ಣೋ, ಯಾವ ಋತು, ಏನು ಮಾಡುತ್ತಿದೆ, ಕ್ಯಾಮೆರಾ ಕೈಯಲ್ಲಿತ್ತೋ ಮರಕ್ಕೆ ಕಟ್ಟಿತ್ತೋ ಎಂಬುದನ್ನು ನೇರವಾಗಿ ಬರೆಯಬೇಕು. ಹಾಗೆ ಬರೆಯಲು ಅಂದಂದಿನ ಟಿಪ್ಪಣಿ ಬೇಕು. ಆದಕಾರಣ ಕ್ಯಾಮೆರಾ ಚೀಲದಲ್ಲಿ ಒಂದು ಪುಸ್ತಕವೂ ಪೆನ್ಸಿಲೂ ಇರಲಿ. ಕಾಡುಪಾಪದ ತೋಪು, ಮಂಗಟ್ಟೆಯ ಪೊಟರೆ ಇಂತಹ ತಾಣಗಳ ಹೆಸರನ್ನು ಮಾತ್ರ ಜಿಲ್ಲೆಯ ಮಟ್ಟಕ್ಕೆ ನಿಲ್ಲಿಸಿ, ಕಳ್ಳರಿಗೂ ಗುಂಪಿಗೂ ದಾರಿ ತೋರದಂತೆ ಬರೆಯತಕ್ಕದ್ದು.

ಪ್ರತಿವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲೆಲ್ಲ ವನ್ಯಜೀವಿ ಸಪ್ತಾಹ ನಡೆಯುತ್ತದೆ. ಆ ಸಂದರ್ಭದಲ್ಲಿ ಅರಣ್ಯ ಇಲಾಖೆಗಳೂ ಕಾಲೇಜುಗಳೂ ಸಂಘಗಳೂ ಹಲವೆಡೆ ಛಾಯಾಚಿತ್ರ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಹೊಸಬರು ಅಲ್ಲಿಂದ ಪ್ರಾರಂಭಿಸಬಹುದು. ಅದಕ್ಕೆ ಬೇಕಾದ ಚಿತ್ರಗಳ ಆಯ್ಕೆಯನ್ನು ಕೊನೆಯ ದಿನದವರೆಗೆ ಮುಂದೂಡದೆ, ಮಲೆನಾಡಿನ ದಾರಿಗಳು ಕೆಸರಾಗಿ ಕಾಡಿಗೆ ಹೋಗಲಾಗದ ಆಷಾಢ ಶ್ರಾವಣಗಳ ದಿನಗಳಲ್ಲಿಯೇ, ವರ್ಷದ ಚಿತ್ರಗಳನ್ನೆಲ್ಲ ಎದುರಿಗೆ ಹರಡಿಕೊಂಡು ಕುಳಿತರೆ ಸಾಕಷ್ಟು ಕಾಲಾವಕಾಶ ಸಿಗುತ್ತದೆ.